ಶಬ್ದಮಣಿದರ್ಪಣ, ಡೊಂಬಿವಲಿ ಆವೃತ್ತಿ

ನಮ್ಮ ಭಾವ ಮೂವತ್ತೆರಡು ವರ್ಷ ಫೋರ್ಟಿನಲ್ಲಿ ಕ್ಯಾಂಟೀನು ನಡೆಸಿದವರು. ಗಲ್ಲೆಯಲ್ಲಿ ಕೂತು ನೋಟು ಎಣಿಸುತ್ತಿರುವಾಗಲೇ, ಒಳಗೆ ತೊಳೆಯುವವನ ಕೈಯಿಂದ ಜಾರಿದ್ದು ಕಪ್ಪೋ ಬಸಿಯೋ ಎಂದು ಹೇಳುವ ಕಿವಿ ಅವರದ್ದು. ಪೂರ್ತಿ ಒಡೆಯಿತೋ, ಬರೀ ಬಾಯಿ ಹಾರಿತೋ, ಪಗಾರದಲ್ಲಿ ಎಷ್ಟು ಕಡಿಯಬೇಕು, ಎಲ್ಲವನ್ನೂ ಆ ಒಂದು ಸದ್ದಿನಲ್ಲೇ ಓದಿಬಿಡುತ್ತಿದ್ದರು. ಅಂಥವರು ಕಳೆದ ವರ್ಷ ಕ್ಯಾಂಟೀನು ಬಿಟ್ಟುಕೊಟ್ಟು, ಬಂದ ಹಣದಲ್ಲಿ ಒಂದು ಹಳೇ ವ್ಯಾನಿಟಿ ವ್ಯಾನು ಕೊಂಡರು.

ಕಾರಣ ಯೂಟ್ಯೂಬು. ಅಮೆರಿಕದಲ್ಲಿ ರಿಟೈರಾದ ಗಂಡ ಹೆಂಡತಿ ಇದ್ದ ಮನೆ ಮಾರಿ, ಅಡುಗೆಮನೆ, ಹಾಸಿಗೆ, ಕಕ್ಕಸು ಎಲ್ಲ ಇರುವ ಬಸ್ಸಿನಂಥದ್ದೊಂದನ್ನು ಕೊಂಡು ಊರೂರು ತಿರುಗುತ್ತಾರಂತೆ. ಅದನ್ನು ಭಾವ ರಾತ್ರಿ ಎರಡು ಗಂಟೆಯವರೆಗೆ ನೋಡಿದರು. ಎಂಟಡಿ ಅಗಲದ ಜಾಗದಲ್ಲಿ ಮಡಚುವ ಮಂಚ, ಮಡಚುವ ಮೇಜು, ಒಬ್ಬರು ಎದ್ದರೆ ಇನ್ನೊಬ್ಬರು ಕೂರಬೇಕಾದ ಸಂಸಾರ. ಡೊಂಬಿವಲಿಯಲ್ಲಿ ನಾವು ನಲವತ್ತು ವರ್ಷದಿಂದ ನಡೆಸುತ್ತಿರುವುದು ಇದನ್ನೇ, ಚಕ್ರ ಒಂದಿಲ್ಲ ಅಷ್ಟೇ ಎಂದೆ. ಭಾವ ಚಕ್ರ ಹುಡುಕಲು ಹೋದರು. ಮಹಾರಾಷ್ಟ್ರ ಸರ್ಕಾರ 2021ರಲ್ಲೇ ಕ್ಯಾರವಾನ್ ಪ್ರವಾಸೋದ್ಯಮ ನೀತಿ ತಂದಿದೆ ಎಂದು ಯಾರೋ ಅವರಿಗೆ ಹೇಳಿದ್ದರು. ನೀತಿ ಬಂದಾಗಿದೆ; ಇನ್ನು ರಸ್ತೆ ಬರುವುದೊಂದು ಬಾಕಿ.

ಹೊಸದು ಕೈಗೆಟುಕದ ಬೆಲೆ. ಹೀಗಾಗಿ ಸಿಕ್ಕಿದ್ದು ಗೋರೆಗಾಂವಿನ ಚಿತ್ರನಗರಿಯ ಬಾಗಿಲಲ್ಲಿ ದುಡಿದು ಮುದಿಯಾದ ವ್ಯಾನಿಟಿ ವ್ಯಾನು. 1990ರ ದಶಕದ ಆರಂಭದಲ್ಲಿ ನಟಿ ಪೂನಂ ಧಿಲ್ಲೋನ್ ಇಂಥ ಗಾಡಿಗಳನ್ನು ಮುಂಬಯಿಯ ಸಿನಿಮಾಕ್ಕೆ ತಂದರು ಎಂಬುದು ಪ್ರತೀತಿ. ಅದಕ್ಕೆ ಮೊದಲು ನಾಯಕಿಯರು ಮರದ ಮರೆಯಲ್ಲಿ ಸೀರೆ ಬದಲಿಸುತ್ತಿದ್ದರು. ಈಗ ನಾಯಕನ ನಾಯಿಗೂ ವ್ಯಾನು ಬೇಕು, ಅದು ಬೇರೆ ಕತೆ. ನಮಗೆ ಸಂಬಂಧಿಸಿದ ವಿಷಯ ಏನೆಂದರೆ, ವ್ಯಾನಿಟಿ ವ್ಯಾನು ಓಡಲು ಹುಟ್ಟಿದ ಗಾಡಿಯೇ ಅಲ್ಲ. ಬೆಳಗಿನ ಜಾವ ಖಾಲಿ ರಸ್ತೆಯಲ್ಲಿ ಮೆಲ್ಲಗೆ ತೆವಳಿ ಬಂದು, ಜನರೇಟರಿಗೆ ವಯರು ಸಿಕ್ಕಿಸಿಕೊಂಡು, ಹನ್ನೆರಡು ಗಂಟೆ ನಿಂತಲ್ಲೇ ನಿಲ್ಲುವುದು ಅದರ ಉದ್ಯೋಗ. ಅದರ ಒಳಗಿನ ಪ್ಲೈವುಡ್ಡು, ಸನ್ಮೈಕಾ, ಸುತ್ತ ಇಪ್ಪತ್ತು ಬಲ್ಬು ಮಾಲೆ ಹಾಕಿಕೊಂಡ ಕನ್ನಡಿ, ಎಲ್ಲವನ್ನೂ ಬಡಗಿ ನಿಂತ ಮನೆಗೆಂದೇ ಮೊಳೆ ಹೊಡೆದು ಕೂರಿಸಿದ್ದ. ಅಂಥ ರಾಣಿವಾಸವನ್ನು ಭಾವ ಕಲ್ಯಾಣ್–ಶೀಳ್ ರಸ್ತೆಗೆ ಇಳಿಸಿದರು.

ಮೊದಲ ಸವಾರಿಯಲ್ಲಿ ಮಾತೇ ಕೇಳಿಸಲಿಲ್ಲ. ಕನ್ನಡಿಯ ಬಲ್ಬುಗಳು ಹೋಲ್ಡರಿನಲ್ಲಿ ಗಿಲಿಗಿಲಿ, ಕಪಾಟಿನ ಬಾಗಿಲು ಟಪ್ಪಟಪ್ಪ, ಜಾರುಬಾಗಿಲ ರೋಲರು ಗರಗರ, ಅಡಿಯಲ್ಲಿ ಸೈಲೆನ್ಸರಿನ ತಗಡು ಜಂಯ್. ನನ್ನ ಅತ್ತೆಯವರು, ಎಂಬತ್ತು ದಾಟಿದವರು, ಕುಂದಾಪುರದ ಕಡೆಯವರು, ಹಿಂದಿನ ಸೋಫಾದಲ್ಲಿ ಕೂತು ಮುಗುಳ್ನಗುತ್ತಿದ್ದರು. ಅವರಿಗೆ ಕಿವಿ ಕೇಳುವುದಿಲ್ಲ. ಈ ಒಂದು ಸಂಗತಿಯ ಮೇಲೆ ನಮ್ಮ ಇಡೀ ಅವಿಭಕ್ತ ಕುಟುಂಬ ನಿಂತಿದೆ.

ವಾಹನ ತಯಾರಿಸುವ ಕಂಪನಿಗಳಲ್ಲಿ ಈ ಸದ್ದುಗಳನ್ನು ಹಿಡಿಯುವುದಕ್ಕೇ ಪ್ರತ್ಯೇಕ ಎಂಜಿನಿಯರುಗಳಿರುತ್ತಾರೆ. ಅವರ ಶಾಸ್ತ್ರ ನಮ್ಮ ಅಡುಗೆಮನೆಯ ಭಾಷೆಯಲ್ಲಿ ಹೇಳುವಷ್ಟು ಸರಳ. ಎರಡು ವಸ್ತುಗಳ ನಡುವೆ ಸಂದು ಇದ್ದು ಒಂದಕ್ಕೊಂದು ಬಡಿದರೆ ಖಡಖಡ. ಸಂದೇ ಇಲ್ಲದೆ ಅಂಟಿಕೊಂಡು, ಒಂದು ಕ್ಷಣ ಹಿಡಿದು ಮರುಕ್ಷಣ ಜಾರಿ ಉಜ್ಜಿದರೆ ಕಿರಕಿರ. ಯಾವುದೋ ತೆಳು ತಗಡು ಎಂಜಿನ್ನಿನ ಶ್ರುತಿಗೆ ತನ್ನ ಶ್ರುತಿ ಕೂಡಿಸಿಕೊಂಡರೆ ಗುಂಯ್. ಇದು ಐವತ್ತರ ವೇಗದಲ್ಲಿ ಬಂದು ಐವತ್ತೈದಕ್ಕೆ ಮಾಯ. ಅಂದರೆ ದೂರವಾದರೂ ಸದ್ದು, ಹತ್ತಿರವಾದರೂ ಸದ್ದು, ಹೊಂದಿಕೊಂಡರೂ ಸದ್ದು. ಭಾವನ ಮನೆಯಲ್ಲಿ ಭಾವ, ಅವರ ಹೆಂಡತಿ, ಮಗ, ಸೊಸೆ ಒಂದೇ ಬಿಎಚ್‌ಕೆಯಲ್ಲಿರುವುದರಿಂದ ಈ ಶಾಸ್ತ್ರ ಅವರಿಗೆ ಥಟ್ಟನೆ ಅರ್ಥವಾಯಿತು. ಕನ್ನಡಕ್ಕಂತೂ ಇಂಥ ಪದಗಳ ಬರವಿಲ್ಲ. ಕೇಶಿರಾಜ ಸುಮಾರು 1260ರಲ್ಲಿ ‘ಶಬ್ದಮಣಿದರ್ಪಣ’ ಬರೆದು ಶಬ್ದಕ್ಕೆ ಕನ್ನಡಿ ಹಿಡಿದ. ನಮ್ಮ ಭಾವ ಕನ್ನಡಿಯನ್ನೇ ಶಬ್ದಕ್ಕೆ ಹಿಡಿದರು.

ಗಾಡಿ ಕುರ್ಲಾಕ್ಕೆ ಹೋಯಿತು. ಅಲ್ಲೊಬ್ಬ ಉಸ್ತಾದ್. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಗಾಡಿಗೆ, ಹಿಡಿಯನ್ನು ಕಿವಿಗೆ ಒತ್ತಿಕೊಂಡು ಕಣ್ಣುಮುಚ್ಚಿ ಆಲಿಸುವ ಹಳೇ ಕಾಲದ ವೈದ್ಯ. ಏನೂ ಸಿಗಲಿಲ್ಲ. ಅವನ ಗಲ್ಲಿಗೆ ಹೊಸದಾಗಿ ಕಾಂಕ್ರೀಟು ಬಿದ್ದಿತ್ತು; ನುಣುಪು ನೆಲದ ಮೇಲೆ ನಮ್ಮ ರಾಣಿ ಪರಮ ಸಾಧ್ವಿ. “ಇಲ್ಲಿ ಬೇಡ ಸೇಟ್, ಲ್ಯಾಬಿಗೆ ಹೋಗೋಣ” ಎಂದ. ಲ್ಯಾಬು ಎಂದರೆ ಮೂಲೆ ತಿರುಗಿದ ಮೇಲೆ ಬರುವ ಇನ್ನೂರು ಅಡಿ ರಸ್ತೆ. ಅರ್ಧ ಡಾಂಬರು, ಅರ್ಧ ಪೇವರ್ ಬ್ಲಾಕು, ನಡುವೆ ಒಂದು ಮ್ಯಾನ್‌ಹೋಲಿನ ಮುಚ್ಚಳ ರಸ್ತೆಗಿಂತ ನಾಲ್ಕು ಬೆರಳು ಮೇಲೆ. ಸುತ್ತಲ ಹತ್ತಾರು ಗ್ಯಾರೇಜಿನವರೂ ಗಾಡಿ ಪರೀಕ್ಷಿಸುವುದು ಅಲ್ಲೇ. ಮೊದಲ ಹೊಂಡಕ್ಕೆ ಪಾಟಾ ಬುಷ್ಷು ಕೂಗುತ್ತದೆ, ಎರಡನೆಯದಕ್ಕೆ ಶಾಕು, ಮುಚ್ಚಳದ ಮೇಲೆ ಹತ್ತಿಳಿದರೆ ಬಾಡಿ. ಎಲ್ಲ ಲೆಕ್ಕ ಅವನಿಗೆ ಬಾಯಿಪಾಠ. ಮುಂದಿನ ತಿಂಗಳು ಆ ತುಂಡನ್ನೂ ಕಾಂಕ್ರೀಟು ಮಾಡುತ್ತಾರೆಂಬ ಸುದ್ದಿ ಹಬ್ಬಿ ಅವನು ಕಂಗಾಲಾಗಿದ್ದ. ಮುಂಬಯಿಯಲ್ಲಿ ರಸ್ತೆ ರಿಪೇರಿಯಿಂದ ಹೊಟ್ಟೆಗೆ ಕಲ್ಲು ಬೀಳುವವರ ಸಂಘವೊಂದು ಇರಲೇಬೇಕು. ಇಲ್ಲದಿದ್ದರೆ ಇಷ್ಟು ನಿಧಾನವಾಗಿ ಕೆಲಸ ನಡೆಯಲು ಬೇರೆ ಕಾರಣ ನನಗೆ ಹೊಳೆಯದು.

ಉಸ್ತಾದನ ಔಷಧಿ ಒಂದೇ: ಫೆಲ್ಟು. ಕಂಬಳಿಯಂಥ ಕಪ್ಪು ಬಟ್ಟೆ, ಹಿಂಬದಿಗೆ ಅಂಟು. ಎಲ್ಲಿ ಸದ್ದು ಬರುತ್ತದೋ ಅಲ್ಲಿ ಒಂದು ತುಂಡು ಕತ್ತರಿಸಿ ತುರುಕುವುದು. “ಚುಪ್ ಕರಾ ದೇಂಗೆ” ಎಂದ. ಬಾಯಿ ಮುಚ್ಚಿಸುತ್ತೇವೆ.

ಆ ಮಾತು ಕೇಳಿದ್ದೇ, ಇದನ್ನು ಎಲ್ಲೋ ಕೇಳಿದ ಹಾಗಿದೆಯಲ್ಲ ಅನ್ನಿಸಿತು. 2017ರ ಮಳೆಗಾಲದಲ್ಲಿ ರೇಡಿಯೋ ಜಾಕಿ ಮಲಿಷ್ಕಾ ಈ ಊರಿನ ಹೊಂಡಗಳ ಮೇಲೆ ಒಂದು ಅಣಕುಹಾಡು ಹಾಡಿದರು. ಊರೆಲ್ಲ ಅದನ್ನೇ ಗುನುಗಿತು. ಪಾಲಿಕೆಯವರು ತಕ್ಷಣ ಕ್ರಮಕ್ಕಿಳಿದರು. ಮಲಿಷ್ಕಾರ ಮನೆಗೆ ಹೋದರು. ಹೊಂಡ ಹುಡುಕಿಕೊಂಡಲ್ಲ, ಡೆಂಗಿ ಸೊಳ್ಳೆಯ ಮರಿ ಹುಡುಕಿಕೊಂಡು. ಸಿಕ್ಕಿಯೂ ಸಿಕ್ಕಿತು, ನೋಟೀಸೂ ಹೊರಟಿತು. ನಡುರಸ್ತೆಯಲ್ಲಿ ಸ್ಕೂಟರು ನುಂಗುವ ಗುಂಡಿ ಕಾಣದ ಕಣ್ಣಿಗೆ, ಅಕ್ಕಿಕಾಳಿಗಿಂತ ಚಿಕ್ಕ ಹುಳು ಕಂಡಿತಲ್ಲ, ಆ ದೃಷ್ಟಿಯನ್ನು ಮೆಚ್ಚಬೇಕು. ಫೆಲ್ಟು ಅಂಟಿಸುವವನಿಗೆ ಸಂದು ಎಲ್ಲಿದೆ ಎಂದು ಗೊತ್ತಿರಬೇಕು.

ಮತ್ತೆ 2020ರ ಜನವರಿ ಕೊನೆಗೆ ಮುಂಬಯಿ ಪೊಲೀಸರು ಒಂದು ವಿಡಿಯೋ ಬಿಟ್ಟರು. ಸಿ.ಎಸ್.ಎಂ.ಟಿ., ಪೆಡ್ಡರ್ ರೋಡು, ಹಿಂದ್‌ಮಾತಾ ಮುಂತಾದ ಕಡೆ ಸಿಗ್ನಲ್ಲಿಗೆ ಡೆಸಿಬೆಲ್ ಮೀಟರು ಕಟ್ಟಿದ್ದರು. ಹಾರ್ನಿನ ಗದ್ದಲ 85 ದಾಟಿದರೆ ಕೆಂಪು ದೀಪ ಮತ್ತೆ ಮೊದಲಿಂದ ಎಣಿಸತೊಡಗುತ್ತಿತ್ತು. ಹೆಚ್ಚು ಬಾರಿಸಿದರೆ ಹೆಚ್ಚು ಕಾಯಿರಿ. ಪ್ರಪಂಚವೇ ಚಪ್ಪಾಳೆ ತಟ್ಟಿತು. ನಾನೂ ತಟ್ಟಿದೆ, ಸುಳ್ಳೇಕೆ. ಆದರೆ ಹಾರ್ನು ಬಾರಿಸುವವನು ಏಕೆ ಬಾರಿಸುತ್ತಾನೆ? ಮುಂದೆ ಅರ್ಧ ರಸ್ತೆಯನ್ನು ಪತ್ರಾ ಬಡಿದು ಮುಚ್ಚಿದ್ದಾರೆ, ಉಳಿದರ್ಧದಲ್ಲಿ ಗುಂಡಿ ಇದೆ, ಗುಂಡಿಯ ಎದುರು ಬಸ್ಸು ಯೋಚನೆಯಲ್ಲಿದೆ. ಅವುಗಳಿಗೆ ಮೀಟರಿಲ್ಲ. ಹೇಗೂ ಎರಡು ತಿಂಗಳಲ್ಲಿ ಕೊರೊನಾ ಬಂತು, ಇಡೀ ಊರಿಗೇ ಒಮ್ಮೆಗೆ ಫೆಲ್ಟು ಅಂಟಿತು. 2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ವಾಸದ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮೀರಬಾರದು. ನಮ್ಮ ಕಟ್ಟಡದಲ್ಲಿ ನೀರಿನ ಪಂಪು ಶುರುವಾದರೆ ಕಿಟಕಿಯ ಸರಳು ಭಜನೆ ಹೇಳುತ್ತದೆ. ಇದನ್ನು ಸೊಸೈಟಿಯ ಮಹಾಸಭೆಯಲ್ಲಿ ನಾನು ಎತ್ತಿದ್ದಕ್ಕೆ, ಅಧ್ಯಕ್ಷರು ಎಲ್ಲರೆದುರು ನನ್ನನ್ನು ಗಣೇಶೋತ್ಸವ ಸಮಿತಿಗೆ ನೇಮಿಸಿದರು. ಅಂದಿನಿಂದ ಲೌಡ್‌ಸ್ಪೀಕರಿನ ಬಾಡಿಗೆ ಚೌಕಾಸಿ ಮಾಡುವುದು ನನ್ನ ಹೊಣೆ. ಪಂಪಿನ ಸುದ್ದಿ ನಾನು ಮತ್ತೆ ಎತ್ತಿಲ್ಲ.

ಗಾಡಿಗೆ ಬರೋಣ. ಫೆಲ್ಟಿನ ತೊಂದರೆಯೆಂದರೆ, ದೊಡ್ಡ ಸದ್ದು ಸತ್ತರೆ ಅದರ ಪಟ್ಟಕ್ಕೆ ಯುವರಾಜ ಸಿದ್ಧನಿರುತ್ತಾನೆ. ಸೈಲೆನ್ಸರಿನ ತಗಡು ಬಿಗಿಯಾದ ದಿನ ಬಾಗಿಲ ರೋಲರು ಕೇಳಿಸಿತು. ರೋಲರಿಗೆ ಗ್ರೀಸು ಬಿದ್ದ ದಿನ ಕಪಾಟು. ಕಪಾಟು ಮುಗಿದಾಗ ಬಲ್ಬು. ಬಲ್ಬು ಕಿತ್ತ ಮೇಲೆ, ಯಾರೂ ನಿರೀಕ್ಷಿಸದ ಒಂದು ಸಣ್ಣ ಟಿಕ್ ಟಿಕ್. ಭಾವನಿಗೆ ಆ ಟಿಕ್ ಟಿಕ್ ಹಿಡಿದುಕೊಂಡಿತು. ನಾನು ಸ್ಟಿಯರಿಂಗ್ ಹಿಡಿಯಬೇಕು, ಅವರು ಹಿಂದೆ ನೆಲದ ಮೇಲೆ ಮಲಗಿ ಒಂದೊಂದೇ ವಸ್ತುವಿಗೆ ಕೈ ಒತ್ತಿ ಆಲಿಸಬೇಕು. ಎರಡು ಭಾನುವಾರ ಡೊಂಬಿವಲಿ ಎಂ.ಐ.ಡಿ.ಸಿ.ಯ ರಸ್ತೆಗಳಲ್ಲಿ ಹೀಗೆ ತಿರುಗಿದೆವು. ಕೊನೆಗೆ ಸಿಕ್ಕಿತು. ಕನ್ನಡಿಯ ಹಿಂದೆ ಸಂದಿನಲ್ಲಿ ಬಿದ್ದಿದ್ದ ಒಂದು ಜುಮುಕಿ. ಬೆಳ್ಳಿಯಲ್ಲ ಚಿನ್ನವಲ್ಲ, ಯಾವುದೋ ಸಹನಟಿಯ ಕಿವಿಯ ಗಿಲೀಟು. ಭಾವ ಅದನ್ನು ಬಹಳ ಹೊತ್ತು ಅಂಗೈಯಲ್ಲಿ ಇಟ್ಟುಕೊಂಡಿದ್ದರು. ಅತ್ತಿಗೆಯ ಕೈಗೆ ಸಿಕ್ಕಿದ ಮೇಲೆ ಅದರ ಸದ್ದು ಒಂದು ವಾರ ಕೇಳಿಸಿತು, ಅದಕ್ಕೆ ಫೆಲ್ಟು ಇರಲಿಲ್ಲ.

ಸಿನಿಮಾದವರು ಈ ವಿಷಯದಲ್ಲಿ ಜಾಣರು. ದಶಕಗಳ ಕಾಲ ಅವರ ಕ್ಯಾಮೆರಾವೇ ಹೊಲಿಗೆಯಂತ್ರದಂತೆ ಟರಟರ ಎನ್ನುತ್ತಿತ್ತು. ಸೆಟ್ಟಿನಲ್ಲಿ ಕಾಗೆ ಕೂಗಲಿ, ಜನರೇಟರು ಗುಡುಗಲಿ, ಶೂಟಿಂಗು ನಿಲ್ಲುತ್ತಿರಲಿಲ್ಲ. ಆಮೇಲೆ ಸ್ಟುಡಿಯೋದಲ್ಲಿ ಕೂತು ಡಬ್ಬಿಂಗು. 2001ರ ‘ಲಗಾನ್’ ನಟರ ಧ್ವನಿಯನ್ನು ಜಾಗದಲ್ಲೇ ಹಿಡಿದದ್ದು ಅಂದಿಗೆ ದೊಡ್ಡ ಸಮಾಚಾರ. ಸಂಸಾರಕ್ಕೆ ಡಬ್ಬಿಂಗಿನ ಸೌಲಭ್ಯವಿಲ್ಲ, ಆಡಿದ್ದು ಆಡಿದ ಹಾಗೇ ಪ್ರಿಂಟಾಗುತ್ತದೆ.

ಕೋಟೇಶ್ವರದ ಕೊಡಿ ಹಬ್ಬಕ್ಕೆ ಊರಿಗೆ ಹೋಗುವುದೆಂದು ನಿಶ್ಚಯವಾಯಿತು. ಸಾಮಾನು ಕಟ್ಟುವಾಗ ಎಂಜಿನಿಯರು ನನ್ನ ಹೆಂಡತಿ. ಸ್ಟೀಲು ತಟ್ಟೆಗಳ ನಡುವೆ ಹಳೇ ಹತ್ತಿ ಸೀರೆಯ ತುಂಡು, ಗಾಜಿನ ಲೋಟಗಳಿಗೆ ಮಕ್ಕಳ ಹಳೇ ಕಾಲುಚೀಲ, ಕುಕ್ಕರಿನ ವೆಯ್ಟು ಸಾಸಿವೆ ಡಬ್ಬಿಯೊಳಗೆ. ಆದರೂ ಡಬ್ಬಿಗಳು ಮಾತಾಡುತ್ತಿದ್ದವು. “ಅರ್ಧ ತುಂಬಿದ್ದೇ ಸದ್ದು ಮಾಡುವುದು” ಎಂದಳು. ತುಂಬಿದ ಕೊಡ ತುಳುಕುವುದಿಲ್ಲ ಎಂದು ನಾವು ಶಾಲೆಯಲ್ಲಿ ಬರೆದ ಗಾದೆ ವಿಸ್ತರಣೆಗೆ ಯಾರೂ ಕೊಡದ ವ್ಯಾಖ್ಯಾನ ಇದು. ಸರಿ, ಎಲ್ಲ ಡಬ್ಬಿ ಭರ್ತಿ ಮಾಡಿದೆವು. ಹತ್ತು ಕಿಲೋ ಅಕ್ಕಿ, ಐದು ಕಿಲೋ ಬೇಳೆ, ಒಂದು ಡಬ್ಬಿಗೆ ಏನೂ ಸಿಗದೆ ಬರೀ ಉಪ್ಪು. ಅಕ್ಕಿ ಬೆಳೆಯುವ ಊರಿಗೆ ಡೊಂಬಿವಲಿಯಿಂದ ಅಕ್ಕಿ ಹೊತ್ತೊಯ್ದ ಕೀರ್ತಿ ನಮ್ಮದು. ಡಬ್ಬಿ ಸುಮ್ಮನಾದವು, ಭಾರಕ್ಕೆ ಹಿಂದಿನ ಪಾಟಾ ನರಳತೊಡಗಿತು.

ಬೆಳಗಿನ ನಾಲ್ಕಕ್ಕೆ ಹೊರಟು ತಳೋಜಾ, ಕಳಂಬೋಲಿ ದಾಟಿ ಪಳಸ್ಪೆಯಲ್ಲಿ ಹೆದ್ದಾರಿ 66 ಹಿಡಿದೆವು. ಪಳಸ್ಪೆಯಿಂದ ಇಂದಾಪುರದವರೆಗಿನ 84 ಕಿಲೋಮೀಟರಿನ ಅಗಲೀಕರಣ ಶುರುವಾದದ್ದು 2011ರಲ್ಲಿ. ಆ ವರ್ಷ ಹುಟ್ಟಿದ ಮಗು ಹತ್ತನೇ ತರಗತಿಯ ಹೊಸ್ತಿಲಿಗೆ ಬಂದಿತು. ರಸ್ತೆ ಇನ್ನೂ ಅಂಗನವಾಡಿ ಬಿಟ್ಟಿಲ್ಲ. ಒಂದು ಫರ್ಲಾಂಗು ಕಾಂಕ್ರೀಟು, ಆಮೇಲೆ ಪಕ್ಕಕ್ಕೆ ತಳ್ಳುವ ಬಾಣದ ಗುರುತು, ಆಮೇಲೆ ಜಲ್ಲಿ, ಮತ್ತೆ ನೆನಪಾದಂತೆ ಕಾಂಕ್ರೀಟು. ಕುರ್ಲಾದ ಉಸ್ತಾದನ ಇನ್ನೂರಡಿ ಲ್ಯಾಬು ಇದರ ಎದುರು ಬಾಲವಾಡಿ, ಇದು ವಿಶ್ವವಿದ್ಯಾಲಯ. ವಡಖಲ್ ಮುಟ್ಟುವಷ್ಟರಲ್ಲಿ ಮೂರು ಫೆಲ್ಟು ಉದುರಿದವು. ಕೊಲಾಡದಲ್ಲಿ ನಿಲ್ಲಿಸಿ ಚಹಾ ಕುಡಿಯುವಾಗ ಭಾವ ರೈಲು ಹಳಿಯ ಕಡೆ ನೋಡಿದರು. ಅಲ್ಲಿಂದ ಲಾರಿಗಳು ಕೊಂಕಣ ರೈಲ್ವೆಯ ವ್ಯಾಗನ್ನು ಹತ್ತಿ ಗೋವಾ ಕಡೆಗೆ ಹೋಗುತ್ತವೆ, 1999ರಿಂದ. ಡ್ರೈವರು ತನ್ನ ಲಾರಿಯಲ್ಲೇ ಕಾಲು ಚಾಚಿ ಮಲಗುತ್ತಾನೆ, ಲಾರಿ ರೈಲಿನ ಮೇಲೆ ಮಲಗುತ್ತದೆ. ಲಾರಿಯಂಥ ಲಾರಿಗೇ ಸಾಕುಸಾಕಾಗಿ ರೈಲು ಹತ್ತುವ ದಾರಿಯಲ್ಲಿ ನಾವು ಟಿಕ್ ಟಿಕ್ ಹುಡುಕುತ್ತಿದ್ದೆವು. ನಟ್ಟು ಬಿಗಿ ಮಾಡಿದೆವು, ಬುಷ್ಷು ಬದಲಿಸಿದೆವು, ಉಸ್ತಾದನಿಗೆ ದುಡ್ಡು ಸುರಿದೆವು. ಕೂಗುತ್ತಿದ್ದದ್ದು ರಸ್ತೆ, ನಾವು ಬೈದದ್ದು ಬಲ್ಬಿಗೆ.

ಬ್ರಿಟನ್ನಿನ ರೋಲ್ಸ್ ರಾಯ್ಸಿನವರು 2020ರಲ್ಲಿ ತಮ್ಮ ‘ಘೋಸ್ಟ್’ ಕಾರಿಗೆ ನೂರು ಕಿಲೋಗೂ ಮಿಕ್ಕಿ ಸದ್ದು ಹೀರುವ ಸಾಮಗ್ರಿ ತುಂಬಿದರಂತೆ. ಒಳಗೆ ಎಷ್ಟು ನಿಶ್ಶಬ್ದವಾಯಿತೆಂದರೆ ಕೂತವರಿಗೆ ದಿಕ್ಕು ತಪ್ಪಿದಂತಾಗಿ, ಎಂಜಿನಿಯರುಗಳು ಹದವಾದ ಒಂದು ಪಿಸುಗುಟ್ಟುವಿಕೆಯನ್ನು ತಾವೇ ಉಳಿಸಿಕೊಟ್ಟರು. ಇದನ್ನು ಪೇಪರಿನಲ್ಲಿ ಓದಿದಾಗ, ದುಡ್ಡು ಹೆಚ್ಚಾದವರ ಕಾಯಿಲೆ ಎಂದು ನಕ್ಕಿದ್ದೆ.

ಪೋಲಾದಪುರ ದಾಟಿ ಕಶೇಡಿ ಘಾಟಿಯ ಸುರಂಗ ಹೊಕ್ಕೆವು. ಸುಮಾರು 2 ಕಿಲೋಮೀಟರು, ನೆಲ ಗಾಜಿನಂತೆ. ಹೊರಬಿದ್ದ ಮೇಲೂ ಖೇಡಿನ ಕಡೆಗೆ ಕಾಂಕ್ರೀಟು ಹಾಗೇ ಮುಂದುವರಿಯಿತು. ಒಂದೊಂದಾಗಿ ಎಲ್ಲ ನಿಂತವು. ಪಾಟಾ ನರಳಲಿಲ್ಲ, ಡಬ್ಬಿ ಮಿಸುಕಲಿಲ್ಲ, ಉಳಿದ ಫೆಲ್ಟುಗಳು ತಮ್ಮ ಧರ್ಮ ಪಾಲಿಸಿದವು. ಭಾವ ಸ್ಟಿಯರಿಂಗಿನಲ್ಲಿ ಗೆದ್ದ ರಾಜನ ಹಾಗೆ ಎದೆ ಸೆಟೆಸಿದರು. ಆದರೆ ಇಪ್ಪತ್ತು ಕಿಲೋಮೀಟರಿನ ಹಿಂದೆ ಖಡಖಡದ ಮರೆಯಲ್ಲಿ ಶುರುಮಾಡಿದ್ದ ಮಾತಿಗೆ ಬ್ರೇಕು ಹಾಕಲು ಅವರಿಗೆ ನೆನಪಾಗಲಿಲ್ಲ. ಎದುರು ಸೀಟಿನಲ್ಲಿದ್ದ ಅತ್ತಿಗೆಗೆ, ಅದೇ ಏರಿದ ದನಿಯಲ್ಲಿ ಹೇಳುತ್ತಿದ್ದರು: ಊರಿನ ಗದ್ದೆ ಮತ್ತು ಹಿತ್ತಲು ಈ ಸಲವೇ ಕೈದಾಟಿಸುವುದು, ಗಿರಾಕಿ ಕುಂದಾಪುರದಲ್ಲಿ ಕಾದಿದ್ದಾನೆ, ಡೊಂಬಿವಲಿಯ ಕಟ್ಟಡ ರೀಡೆವಲಪ್‌ಮೆಂಟಿಗೆ ಹೋಗುತ್ತಿದೆ, ಆ ದುಡ್ಡು ಸೇರಿಸಿದರೆ ಎರಡು ಬಿಎಚ್‌ಕೆ, ಹಬ್ಬದ ಗಡಿಬಿಡಿಯಲ್ಲಿ ಅಮ್ಮನ ಹೆಬ್ಬೆಟ್ಟು ಒತ್ತಿಸಿಕೊಂಡರೆ ಮುಗಿಯಿತು, ಅವಳಿಗೆ ಹೇಗೂ—

“ಹೆಬ್ಬೆಟ್ಟ್ ಎಂತಕೆ ಮಗಾ?” ಹಿಂದಿನ ಸೋಫಾದಿಂದ ದನಿ ಬಂತು, ತೆಳ್ಳಗೆ, ಸ್ಪಷ್ಟವಾಗಿ. “ನಂಗ್ ಸಹಿ ಹಾಕುಕೆ ಬತ್ತಿಲ್ಯಾ? ಏಳನೇ ಕ್ಲಾಸ್ ಓದಿದ್ದೆ.”

ಗಾಡಿಯಲ್ಲಿ ಯಾರೂ ಉಸಿರೆತ್ತಲಿಲ್ಲ. ಎಂಜಿನ್ನಿನ ಹಿತವಾದ ಗುಂಯ್ ಒಂದೇ. ಅತ್ತೆಯವರ ಕಿವಿಗೆ ಏನೂ ಆಗಿರಲಿಲ್ಲ, ಆಗಿದ್ದದ್ದು ಡೊಂಬಿವಲಿಗೆ. ಪಂಪು, ಲೋಕಲ್ಲು, ಗಣೇಶೋತ್ಸವ, ಪಕ್ಕದ ಮನೆಯ ಡ್ರಿಲ್ಲು, ಎಲ್ಲದರ ಅಡಿಯಲ್ಲಿ ನಮ್ಮ ಪಿಸುಮಾತುಗಳು ಅವರಿಗೆ ತಲುಪುತ್ತಿರಲಿಲ್ಲ, ಅಷ್ಟೇ. ಅಥವಾ ತಲುಪುತ್ತಿದ್ದವೋ ಏನೋ. ಕಳೆದ ಇಪ್ಪತ್ತು ವರ್ಷಗಳಲ್ಲಿ ಅವರ ಎದುರು ನಾನು ಏನೇನು ಮಾತಾಡಿದ್ದೇನೆ ಎಂದು ಲೆಕ್ಕ ಹಾಕತೊಡಗಿದೆ. ನನ್ನ ಹೆಂಡತಿ ನನ್ನನ್ನೇ ನೋಡುತ್ತಿದ್ದಳು; ಅವಳೂ ಅದೇ ಲೆಕ್ಕದಲ್ಲಿದ್ದಳು.

ಭರಣೆ ನಾಕಾದಲ್ಲಿ ಭಾವ ಗಾಡಿ ನಿಲ್ಲಿಸಿದರು. ಚಹಾ ಬೇಕೆಂದು ಯಾರೂ ಕೇಳಿರಲಿಲ್ಲ. ನಾವೆಲ್ಲ ಇಳಿದು ಒಬ್ಬರ ಮುಖ ಒಬ್ಬರು ನೋಡದೆ ವಡಾಪಾವು ತಿಂದೆವು. ಭಾವ ಮಾತ್ರ ಹಿಂದಿನ ಬಾಗಿಲಿನಿಂದ ಒಳಹೊಕ್ಕು, ಬಹಳ ಹೊತ್ತು ಏನೋ ಸರಿಮಾಡುತ್ತಿದ್ದರು.

ಮತ್ತೆ ಹೊರಟಾಗ ನೂರು ಗಜ ಹೋಗಿರಲಿಲ್ಲ. ಕಪಾಟು ಟಪ್ಪಟಪ್ಪ, ತಟ್ಟೆಗಳು ಝಣಝಣ, ಲೋಟಗಳು ಬರಿಗಾಲಿನಲ್ಲಿ ಗಿಲಿಗಿಲಿ, ಸಾಸಿವೆಯಿಂದ ಹೊರಬಂದ ಕುಕ್ಕರಿನ ವೆಯ್ಟು ಖಾಲಿ ಪಾತ್ರೆಯಲ್ಲಿ ಒಂದೇ ಸಮನೆ ಠಣ್ ಠಣ್. ಚರಂಡಿಯ ಪಕ್ಕ ನಮ್ಮ ಉಪ್ಪಿನ ಗುಡ್ಡೆಯನ್ನು ಒಂದು ಹಸು ನೆಕ್ಕುತ್ತಿದ್ದದ್ದು ಕಿಟಕಿಯಿಂದ ಕಂಡಿತು. ಯಾರೂ ಏನೂ ಕೇಳಲಿಲ್ಲ. ನಾನು ಹಿಂದಿರುಗಿ, ಸಾಧ್ಯವಾದಷ್ಟು ಗಟ್ಟಿಯಾಗಿ, “ಅತ್ತೆ, ಸದ್ದು ತೊಂದ್ರೆ ಆತಾ ಇತ್ತಾ?” ಎಂದೆ.

ಅತ್ತೆಯವರು ಸೋಫಾಕ್ಕೆ ಒರಗಿ, ಎಂದಿನ ಹಾಗೆ ಮುಗುಳ್ನಕ್ಕರು.

“ಹ್ವಾಯ್, ಎಂತ ಹೇಳ್ರಿ? ನಂಗ್ ಎಂತದೂ ಕೇಂತಿಲ್ಲೆ.”